ರಿಲೀಸ್ ವಾರದಲ್ಲೇ ಜ್ಯೂರಿ ಸಮನ್ಸ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಾನು ಹಾಸನದವಳು. ಹದಿನಾಲ್ಕು ವರ್ಷದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ಈಗ ಸಾಂಟಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನಿಂದ ಜ್ಯೂರಿ ಸಮನ್ಸ್ ಬಂದಿದೆ. ಸರಿಯಾಗಿ ನಮ್ಮ ಪ್ರಾಡಕ್ಟ್ ರಿಲೀಸ್ ಆಗುವ ವಾರಕ್ಕೇ ದಿನಾಂಕ ಬಿದ್ದಿದೆ. ಮ್ಯಾನೇಜರ್ ‘ಹೇಗಾದರೂ ಮಾಡಿ ತಪ್ಪಿಸಿಕೋ’ ಅಂತಾರೆ. ಗೆಳತಿಯೊಬ್ಬಳು ‘ಮಾಮೂಲಿ ಅಂಚೆಯಲ್ಲಿ ಬಂದಿದ್ದು, ರಿಜಿಸ್ಟರ್ಡ್ ಕೂಡ ಅಲ್ಲ, ಕಸಕ್ಕೆ ಹಾಕು’ ಅಂದಳು. ಇನ್ನೊಬ್ಬರು ‘ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದುಬಿಡಿ’ ಅಂದರು. ಹೋದರೆ ಸಂಬಳ ಕಟ್ ಆಗುತ್ತಾ? ಹೋಗದಿದ್ದರೆ ಏನಾಗುತ್ತೆ? ನಮ್ಮ ಯಜಮಾನರಿಗೆ ಗ್ರೀನ್ ಕಾರ್ಡ್ ಇದೆ, ಅವರಿಗೂ ಇಂಥದ್ದೇ ಪತ್ರ ಬಂದಿದೆ. ನಿಜ ಹೇಳಬೇಕೆಂದರೆ ಕೋರ್ಟು ಅಂದರೇ ನನಗೆ ಭಯ.

ಉತ್ತರ: ಮೊದಲು ಆ ಭಯದ ಬಗ್ಗೆ ಮಾತಾಡೋಣ. ನಮ್ಮೂರ ಕಡೆ ಕೋರ್ಟಿನ ಕಾಗದ ಅಂದರೆ ಮನೆ ಬಾಗಿಲಿಗೆ ಅಮೀನ ಬಂದ ಅಂತಲೇ ಅರ್ಥ. ಯಾರೋ ಏನೋ ತಪ್ಪು ಮಾಡಿರಬೇಕು, ಇಲ್ಲ ಜಮೀನಿನ ಜಗಳ ಇರಬೇಕು. ‘ಕೋರ್ಟು ಮೆಟ್ಟಿಲು ಹತ್ತಬಾರದು’ ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಜೊತೆಗೆ ಭಾರತದಲ್ಲಿ ಕ್ರಿಮಿನಲ್ ಕೇಸುಗಳಿಗೆ ಈಗ ಜ್ಯೂರಿಯೇ, ಅಂದರೆ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪೇ, ಇಲ್ಲ. 1959ರಲ್ಲಿ ಬಾಂಬೆಯಲ್ಲಿ ನಡೆದ ನಾನಾವತಿ ಪ್ರಕರಣ ನಿಮಗೆ ಗೊತ್ತಿರಬಹುದು. ಕೊಲೆ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು ಜ್ಯೂರಿ ಎಂಟಕ್ಕೆ ಒಂದು ಮತದಿಂದ ನಿರಪರಾಧಿ ಅಂದಿತು. ಹೈಕೋರ್ಟು ಆ ತೀರ್ಪನ್ನು ತಳ್ಳಿಹಾಕಿ ಶಿಕ್ಷೆ ಕೊಟ್ಟಿತು. ಜ್ಯೂರಿ ಬೇಡ ಎಂಬ ಮಾತು ಅದಕ್ಕೂ ಮೊದಲೇ ಇತ್ತು. 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಜ್ಯೂರಿ ಪದ್ಧತಿ ಪೂರ್ತಿ ಹೋಯಿತು. ಹಾಗಾಗಿ ನಮ್ಮ ಅಪ್ಪ, ಅಮ್ಮ, ಮಾವ, ಚಿಕ್ಕಪ್ಪ ಯಾರೂ ಜ್ಯೂರಿಯಲ್ಲಿ ಕೂತವರಲ್ಲ. ಹೇಗಿರುತ್ತೆ ಅಂತ ಹೇಳಿಕೊಡುವವರು ಮನೆಯಲ್ಲಿ ಇಲ್ಲ.

ನಿಮ್ಮ ಕೈಯಲ್ಲಿರುವ ಸಮನ್ಸ್ ನಿಮ್ಮ ಮೇಲಿನ ಆರೋಪ ಅಲ್ಲ. ಬೇರೆಯವರ ಕೇಸು ಕೇಳಿ, ಯಾರು ಸರಿ ಅಂತ ತೀರ್ಮಾನಿಸಲು ಬನ್ನಿ ಎಂಬ ಕರೆ. ಪೌರತ್ವದ ಪರೀಕ್ಷೆಗೆ ಓದಿದ್ದು ನೆನಪಿದೆಯಾ? ‘ಅಮೆರಿಕದ ನಾಗರಿಕರಿಗೆ ಮಾತ್ರ ಇರುವ ಒಂದು ಜವಾಬ್ದಾರಿ ಹೇಳಿ’ ಅಂತ ಅದರಲ್ಲಿ ಒಂದು ಪ್ರಶ್ನೆ ಇರುತ್ತಿತ್ತು. ಜ್ಯೂರಿಯಲ್ಲಿ ಕೂರುವುದು ಅದಕ್ಕೆ ಸರಿ ಉತ್ತರ. ಅಂದು ಬಾಯಿಪಾಠ ಮಾಡಿದ್ದೇ ಈಗ ಅಂಚೆಯಲ್ಲಿ ಬಂದಿದೆ.

ಈಗ ನಿಮ್ಮ ರಿಲೀಸ್ ವಾರಕ್ಕೆ ಬರೋಣ. ನಾನು ಉದ್ಯೋಗ ಕಾನೂನಿನ ವಕೀಲ. ಇಂಥ ಪ್ರಶ್ನೆಯನ್ನು ವರ್ಷಕ್ಕೆ ಹತ್ತಾರು ಸಲ ಕೇಳುತ್ತೇನೆ. ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು: ‘ಬರಲ್ಲ’ ಅನ್ನಬೇಡಿ, ‘ಯಾವತ್ತು ಬರ್ತೀನಿ’ ಅಂತ ಹೇಳಿ. ಕೋರ್ಟಿಗೆ ಈ ಎರಡು ಮಾತು ಬೇರೆ ಬೇರೆ. ಬರಲ್ಲ ಅಂದರೆ ಅದಕ್ಕೆ ಕಾರಣ ಬೇಕು, ದಾಖಲೆ ಬೇಕು, ಕೆಲವೊಮ್ಮೆ ಜಡ್ಜ್ ಒಪ್ಪಬೇಕು. ದಿನ ಬದಲಿಸಿ ಅಂದರೆ ಬಹುತೇಕ ಸಲ ಸುಲಭವಾಗಿ ಕೊಡುತ್ತಾರೆ. ನಮ್ಮ ಕಡೆ ವಕೀಲರು ‘ವಾಯಿದೆ’ ಕೇಳುತ್ತಾರಲ್ಲ, ಹಾಗೆ. ಆದರೆ ಇಲ್ಲಿ ವಾಯಿದೆ ಕೇಳಲು ವಕೀಲರೂ ಬೇಡ, ಕೋರ್ಟಿಗೆ ಹೋಗುವುದೂ ಬೇಡ.

ಸಮನ್ಸ್‌ನ ಮೇಲೆ ನಿಮ್ಮ ಜ್ಯೂರರ್ ನಂಬರ್ ಮತ್ತು ಕೋರ್ಟಿನ ವೆಬ್‌ಸೈಟ್ ವಿಳಾಸ ಇರುತ್ತದೆ. ಅಲ್ಲಿ ಲಾಗಿನ್ ಆಗಿ ಮುಂದೂಡುವ ಆಯ್ಕೆ ಒತ್ತಿ. ಕ್ಯಾಲಿಫೋರ್ನಿಯಾದ ಕೋರ್ಟುಗಳು ಮೊದಲ ಸಲದ ಮುಂದೂಡಿಕೆಗೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ವೆಬ್‌ಸೈಟ್ ಕೈಕೊಟ್ಟರೆ ಜ್ಯೂರಿ ಆಫೀಸಿಗೆ ಫೋನ್ ಮಾಡಿ. ಆ ಕಚೇರಿಗಳಲ್ಲಿ ಕೂತಿರುವವರು ದಿನವಿಡೀ ಇದೇ ಕೆಲಸ ಮಾಡುವವರು. ಮರ್ಯಾದೆಯಿಂದ ಕೇಳಿದರೆ ಮರ್ಯಾದೆಯಿಂದಲೇ ಉತ್ತರ ಕೊಡುತ್ತಾರೆ.

ಆದರೆ ಹೊಸ ದಿನಾಂಕ ಆರಿಸುವಾಗ ಅವಸರ ಮಾಡಬೇಡಿ. ಜನ ಎಡವುವುದು ಇಲ್ಲೇ. ‘ಸದ್ಯಕ್ಕೆ ತಪ್ಪಿತಲ್ಲ’ ಅಂತ ಕಣ್ಣು ಮುಚ್ಚಿ ಒಂದು ವಾರ ಒತ್ತಿಬಿಡುತ್ತಾರೆ. ಆಮೇಲೆ ನೋಡಿದರೆ ಅದೇ ವಾರ ಊರಿಗೆ ಟಿಕೆಟ್ ಬುಕ್ ಆಗಿರುತ್ತದೆ, ಇಲ್ಲ ಅಪ್ಪ ಅಮ್ಮ ಊರಿಂದ ಬರುತ್ತಿರುತ್ತಾರೆ. ಎರಡನೇ ಸಲ ಮುಂದೂಡಿ ಅಂದರೆ ಕೋರ್ಟು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಹಾಗಾಗಿ ಕ್ಯಾಲೆಂಡರ್ ತೆರೆದು, ಮನೆಯವರ ಜೊತೆ ಕೂತು, ನೀವು ನಿಜವಾಗಿ ಹೋಗಲು ಆಗುವ ವಾರ ಆರಿಸಿ. ರಿಲೀಸ್ ಆದ ಮಾರನೇ ವಾರವೂ ಬೇಡ. ಬಗ್ ಹಿಡಿಯುವುದು, ಸರಿಮಾಡುವುದು ಆಗಲೇ ಜಾಸ್ತಿ ಅಲ್ವಾ? ಮೂರು ನಾಲ್ಕು ವಾರ ಬಿಟ್ಟುಕೊಳ್ಳಿ.

ಇದನ್ನು ಸಮನ್ಸ್ ಬಂದ ವಾರದಲ್ಲೇ ಮಾಡಿ. ಹಿಂದಿನ ದಿನ ಫೋನ್ ಮಾಡಿ ‘ನಾಳೆ ಬರಕ್ಕಾಗಲ್ಲ’ ಅಂದರೆ ನಿಮ್ಮ ಕಾರಣ ಎಷ್ಟೇ ನಿಜವಾಗಿರಲಿ, ನೆಪದ ಹಾಗೆ ಕೇಳಿಸುತ್ತದೆ.

ಇನ್ನು ಮ್ಯಾನೇಜರ್ ವಿಷಯ. ‘ತಪ್ಪಿಸಿಕೋ’ ಎಂಬ ಮಾತು ಅವರು ಯೋಚಿಸದೆ ಆಡಿದ್ದಿರಬಹುದು. ಆದರೆ ಕಾನೂನಿನ ಪ್ರಕಾರ ಅದು ಸಣ್ಣ ಮಾತಲ್ಲ. ನೀವು ಸರಿಯಾದ ಸಮಯಕ್ಕೆ ತಿಳಿಸಿದ್ದರೆ, ಜ್ಯೂರಿಗೆ ಹೋದ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಬೇರೆ ಯಾವ ರೀತಿಯಲ್ಲೂ ತೊಂದರೆ ಕೊಡುವಂತಿಲ್ಲ. ಇದು ಕ್ಯಾಲಿಫೋರ್ನಿಯಾದ ಕಾನೂನು. 2025ರಿಂದ ಈ ರಕ್ಷಣೆ ರಾಜ್ಯದ ನಾಗರಿಕ ಹಕ್ಕುಗಳ ಕಾಯ್ದೆಯೊಳಗೇ ಸೇರಿದೆ. ಫೆಡರಲ್ ಕೋರ್ಟಿನ, ಅಂದರೆ ರಾಜ್ಯದ್ದಲ್ಲದ ಕೇಂದ್ರ ಸರ್ಕಾರದ ಕೋರ್ಟಿನ, ಜ್ಯೂರಿಗೆ ಬೇರೆ ಕಾನೂನು ಇದೆ. ಅಲ್ಲಿ ಕಾಯಂ ಉದ್ಯೋಗಿಯನ್ನು ಬೆದರಿಸಿದರೂ ಸಾಕು, ಪ್ರತಿ ತಪ್ಪಿಗೆ 5,000 ಡಾಲರ್‌ವರೆಗೆ ದಂಡ ಬೀಳಬಹುದು.

‘ಸರಿಯಾದ ಸಮಯಕ್ಕೆ ತಿಳಿಸಿದ್ದರೆ’ ಎಂಬ ಮಾತು ಗಮನಿಸಿ. ಕಾನೂನು ನಿಮ್ಮ ಪರ ನಿಲ್ಲುವುದು ನೀವು ತಿಳಿಸಿದ್ದಕ್ಕೆ ಪುರಾವೆ ಇದ್ದಾಗ. ಕಾಫಿ ಕುಡಿಯುತ್ತಾ ಬಾಯಿಮಾತಲ್ಲಿ ಹೇಳಿದ್ದು ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಒಂದು ಇಮೇಲ್ ಬರೆಯಿರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. ಇಂಥ ಕೋರ್ಟಿನಿಂದ ಸಮನ್ಸ್ ಬಂದಿದೆ, ಪ್ರತಿ ಇದರ ಜೊತೆ ಇದೆ, ರಿಲೀಸ್‌ಗೆ ತೊಂದರೆ ಆಗದಿರಲಿ ಅಂತ ಇಂಥ ದಿನಾಂಕಕ್ಕೆ ಮುಂದೂಡಿಸಿದ್ದೇನೆ, ಆ ವಾರ ನಾನು ಸಿಗದೇ ಇರಬಹುದು, ನನ್ನ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ. ಇಷ್ಟೇ. ಎಚ್‌ಆರ್‌ಗೂ ಒಂದು ಪ್ರತಿ ಹೋಗಲಿ. ‘ತಪ್ಪಿಸಿಕೋ’ ಅಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ನೀವು ಅವರ ಕಷ್ಟ ಅರ್ಥ ಮಾಡಿಕೊಂಡಿದ್ದೀರಿ, ಕಾನೂನನ್ನೂ ಬಿಟ್ಟುಕೊಟ್ಟಿಲ್ಲ.

ಸಂಬಳದ ಪ್ರಶ್ನೆಗೆ ನಿಮ್ಮ ನೌಕರಿ ಯಾವ ತರಹದ್ದು ಅಂತ ನೋಡಬೇಕು. ನೀವು ಓವರ್‌ಟೈಮ್ ಇಲ್ಲದ, ತಿಂಗಳ ಸಂಬಳದ ಉದ್ಯೋಗಿ ಅಂದುಕೊಳ್ಳುತ್ತೇನೆ. ಇಲ್ಲಿ ಅದಕ್ಕೆ ಎಕ್ಸೆಂಪ್ಟ್ ಅಂತಾರೆ. ನಿಮ್ಮಂಥವರು ಒಂದು ವಾರದಲ್ಲಿ ಸ್ವಲ್ಪವಾದರೂ ಕೆಲಸ ಮಾಡಿದ್ದರೆ, ಜ್ಯೂರಿಗೆ ಹೋದ ದಿನಗಳಿಗಾಗಿ ಆ ವಾರದ ಸಂಬಳ ಕಡಿಯುವಂತಿಲ್ಲ. ಕೋರ್ಟು ಕೊಟ್ಟ ದಿನಭತ್ಯೆಯನ್ನು ಮಾತ್ರ ಹೊಂದಿಸಿಕೊಳ್ಳಬಹುದು. ಇಡೀ ವಾರ ಒಂದು ಗಂಟೆಯೂ ಕೆಲಸ ಮಾಡದೇ ಕೋರ್ಟಿನಲ್ಲೇ ಇದ್ದರೆ ಮಾತ್ರ ಆ ವಾರದ ಸಂಬಳ ಕೊಡಲೇಬೇಕೆಂದಿಲ್ಲ. ಆದರೂ ಎಷ್ಟೋ ಕಂಪನಿಗಳು ಜ್ಯೂರಿ ದಿನಗಳಿಗೆ ತಾವಾಗಿಯೇ ಪೂರ್ತಿ ಸಂಬಳ ಕೊಡುತ್ತವೆ. ನಿಮ್ಮ ಉದ್ಯೋಗಿ ಕೈಪಿಡಿಯಲ್ಲಿ ‘ಜ್ಯೂರಿ’ ಅಂತ ಹುಡುಕಿ ನೋಡಿ. ಐದು ನಿಮಿಷದ ಕೆಲಸ.

ಗಂಟೆ ಲೆಕ್ಕದಲ್ಲಿ ದುಡಿಯುವವರ ಕಥೆ ಬೇರೆ. ನಮ್ಮ ಜನರಲ್ಲಿ ಕನ್ಸಲ್ಟಿಂಗ್ ಕಂಪನಿಗಳ ಮೂಲಕ ಗಂಟೆಗಿಷ್ಟು ಅಂತ ಕೆಲಸ ಮಾಡುವವರು ಬಹಳ. ಕ್ಯಾಲಿಫೋರ್ನಿಯಾದಲ್ಲಿ ಅವರಿಗೆ ಕಂಪನಿ ದುಡ್ಡು ಕೊಡಲೇಬೇಕೆಂಬ ಕಾನೂನಿಲ್ಲ. ಕೋರ್ಟು ಕೊಡುವುದು ಎರಡನೇ ದಿನದಿಂದ ದಿನಕ್ಕೆ 15 ಡಾಲರ್ ಮತ್ತು ಸ್ವಲ್ಪ ಪ್ರಯಾಣ ಖರ್ಚು. ಈ ಕೌಂಟಿಯಲ್ಲಿ 15 ಡಾಲರಿಗೆ ಮಧ್ಯಾಹ್ನದ ಊಟವೂ ಕಷ್ಟ. ಇದು ನನಗೆ ತುಂಬಾ ಬೇಜಾರಿನ ವಿಷಯ. ದಿನಗೂಲಿಯವರು ಹೀಗೆ ಹಿಂದೆ ಸರಿದರೆ ಜ್ಯೂರಿಯಲ್ಲಿ ಉಳಿಯುವವರು ಸಂಬಳದವರು ಮತ್ತು ನಿವೃತ್ತರು. ಆಗ ಊರಿನ ಅರ್ಧ ಜನರ ಬದುಕು ಗೊತ್ತಿರುವವರೇ ಆ ಕೋಣೆಯಲ್ಲಿ ಇರುವುದಿಲ್ಲ. ಬಾಡಿಗೆ ಕಟ್ಟಲೂ ಆಗದ ಪರಿಸ್ಥಿತಿ ಬರುವುದಾದರೆ ‘ತೀವ್ರ ಆರ್ಥಿಕ ಹೊರೆ’ ಎಂಬ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು. ಮನೆಯಲ್ಲಿ ಬೇರೆ ಆದಾಯ ಇದೆಯೇ, ಕಂಪನಿ ಸಂಬಳ ಕೊಡುತ್ತದೆಯೇ, ಕೇಸು ಎಷ್ಟು ದಿನ ನಡೆಯಬಹುದು ಅಂತ ಕೋರ್ಟು ನೋಡುತ್ತದೆ.

ಬೇರೆ ರಾಜ್ಯದಲ್ಲಿರುವ ಓದುಗರಿಗೂ ಒಂದು ಮಾತು. ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಮೂರು ದಿನದ ಸಂಬಳವನ್ನು ಕಂಪನಿಯೇ ಕೊಡಬೇಕು, ಆಮೇಲೆ ಸರ್ಕಾರ ದಿನಕ್ಕೆ 50 ಡಾಲರ್ ಕೊಡುತ್ತದೆ. ಟೆಕ್ಸಾಸ್‌ನಲ್ಲಿ 2023ರಿಂದ ಮೊದಲ ದಿನಕ್ಕೆ 20, ಆಮೇಲೆ 58 ಡಾಲರ್. ಫೆಡರಲ್ ಕೋರ್ಟಾದರೆ ಎಲ್ಲ ಕಡೆ ದಿನಕ್ಕೆ 50 ಡಾಲರ್. ಹಾಗಾಗಿ ಡಲ್ಲಾಸ್‌ನಲ್ಲಿರುವ ಭಾವನಿಗೆ ಆದದ್ದನ್ನು ಕೇಳಿ ಸನ್ನಿವೇಲ್‌ನಲ್ಲಿ ತೀರ್ಮಾನ ಮಾಡಬೇಡಿ.

ಕಸಕ್ಕೆ ಹಾಕುವ ಸಲಹೆ ಕೊಟ್ಟ ಗೆಳತಿಗೆ ದಯವಿಟ್ಟು ಇದನ್ನು ಓದಿಸಿ. ಮಾಮೂಲಿ ಅಂಚೆಯಲ್ಲಿ ಬಂದರೂ ಅದು ಕೋರ್ಟಿನ ಆದೇಶವೇ. ಉತ್ತರ ಕೊಡದಿದ್ದರೆ ಮತ್ತೊಂದು ನೋಟಿಸ್ ಬರಬಹುದು. ಅದಕ್ಕೂ ಸುಮ್ಮನಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ 250 ಡಾಲರ್‌ವರೆಗೆ ದಂಡ ಹಾಕಬಹುದು. ಮತ್ತೆ ಮತ್ತೆ ಮಾಡಿದರೆ 1,500ರ ತನಕ ಏರುತ್ತದೆ. ಯಾರಾದರೂ ಈಗಾಗಲೇ ಸಮನ್ಸ್ ಕಳೆದುಕೊಂಡಿದ್ದರೆ, ಇಲ್ಲ ಊರಿಗೆ ಹೋಗಿದ್ದಾಗ ಬಂದು ದಿನಾಂಕ ದಾಟಿಹೋಗಿದ್ದರೆ, ಗಾಬರಿ ಬೇಡ. ಜ್ಯೂರಿ ಆಫೀಸಿಗೆ ನೀವೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ. ಹೊಸ ದಿನ ಕೊಡುತ್ತಾರೆ. ಅವರಿಗೆ ಬೇಕಿರುವುದು ನಿಮ್ಮ ದಂಡದ ದುಡ್ಡಲ್ಲ, ಜ್ಯೂರಿಯಲ್ಲಿ ಕೂರುವ ಜನ.

ಇದಕ್ಕೇ ಅಂಟಿಕೊಂಡ ಒಂದು ಮೋಸವೂ ಇದೆ. ‘ನೀವು ಜ್ಯೂರಿಗೆ ಬರಲಿಲ್ಲ, ನಿಮ್ಮ ಮೇಲೆ ವಾರಂಟ್ ಇದೆ, ಈಗಲೇ ದುಡ್ಡು ಕಟ್ಟಿ’ ಅಂತ ಪೊಲೀಸರ ಹೆಸರಲ್ಲಿ ಫೋನ್ ಬರುತ್ತದೆ. ಗಿಫ್ಟ್ ಕಾರ್ಡ್ ತೆಗೆದುಕೊಂಡು ನಂಬರ್ ಓದಿ ಅಂತಾರೆ. ಕೋರ್ಟು ಎಂದೂ ಹಾಗೆ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಫೋನ್ ಇಟ್ಟುಬಿಡಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಅವರಿಗೂ ಹೇಳಿಡಿ. ಕೋರ್ಟಿನ ಹೆಸರು ಕೇಳಿದರೇ ಕೈ ನಡುಗುವ ನಮ್ಮ ಹಿರಿಯರೇ ಇಂಥವರ ಕೈಗೆ ಬೇಗ ಸಿಗುತ್ತಾರೆ.

‘ಇಂಗ್ಲಿಷ್ ಬರಲ್ಲ ಅಂತ ಬರೆಯಿರಿ’ ಎಂಬುದು ಇನ್ನೂ ಕೆಟ್ಟ ಸಲಹೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆ ಫಾರಂಗೆ ನೀವು ಸಹಿ ಹಾಕುವುದು ‘ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ’ ಎಂಬ ಮಾತಿನ ಕೆಳಗೆ. ದಿನವಿಡೀ ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡುವ ಎಂಜಿನಿಯರ್ ಹಾಗೆ ಬರೆಯುವುದು ಸುಳ್ಳೇ. ಆದರೆ ನಿಮ್ಮ ಮನಸ್ಸಿನಲ್ಲಿ ನಿಜವಾಗಿಯೂ ಒಂದು ಅಳುಕು ಇದ್ದರೆ, ನನ್ನ ಉಚ್ಚಾರಣೆ ಕೇಳಿ ನಗುತ್ತಾರೇನೋ ಅಂತ ಇದ್ದರೆ, ಅದನ್ನು ಬಿಡಿ. ಕಾನೂನು ಕೇಳುವುದು ಕೇಸು ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್, ಅಷ್ಟೇ. ಇಷ್ಟೇ ಅಲ್ಲ, 2022ರಿಂದ ಕ್ಯಾಲಿಫೋರ್ನಿಯಾದ ಕ್ರಿಮಿನಲ್ ಕೇಸುಗಳಲ್ಲಿ ‘ಇಂಗ್ಲಿಷ್ ಇವರ ಮಾತೃಭಾಷೆ ಅಲ್ಲ’ ಎಂಬ ಕಾರಣ ಕೊಟ್ಟು ವಕೀಲರು ಒಬ್ಬರನ್ನು ಜ್ಯೂರಿಯಿಂದ ಕೈಬಿಟ್ಟರೆ ಅದು ಸರಿಯಲ್ಲ ಅಂತಲೇ ಕೋರ್ಟು ಮೊದಲು ಭಾವಿಸುತ್ತದೆ. ಕನ್ನಡ ಮಾತಾಡುವವರಿಗೂ ಅಲ್ಲಿ ಕುರ್ಚಿ ಇದೆ.

ನಿಮ್ಮ ಯಜಮಾನರ ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಗ್ರೀನ್ ಕಾರ್ಡ್ ಇರುವವರು, ಎಚ್-1ಬಿ ವೀಸಾದವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಹಾಗಾದರೆ ಪತ್ರ ಯಾಕೆ ಬಂತು? ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ತೆಗೆಯುತ್ತಾರೆ. ಲೈಸೆನ್ಸ್ ಪಡೆಯಲು ಪೌರತ್ವ ಬೇಕಿಲ್ಲವಲ್ಲ, ಅದಕ್ಕೆ. ಅವರೂ ಪತ್ರವನ್ನು ಕಸಕ್ಕೆ ಹಾಕಬಾರದು. ‘ನಾನು ಅಮೆರಿಕದ ನಾಗರಿಕ ಅಲ್ಲ’ ಎಂಬ ಜಾಗದಲ್ಲಿ ಗುರುತು ಹಾಕಿ, ಸಹಿ ಮಾಡಿ ಕಳಿಸಬೇಕು. ಒಂದು ಫೋಟೋ ತೆಗೆದು ಇಟ್ಟುಕೊಳ್ಳಲಿ. ಅವಸರದಲ್ಲಿ ತಪ್ಪಿ ‘ನಾಗರಿಕ’ ಅಂತ ಗುರುತು ಹಾಕಿಬಿಟ್ಟರೆ ಕಷ್ಟ. ನಾಗರಿಕ ಅಂತ ಸುಳ್ಳು ಹೇಳಿಕೊಂಡರೆ ಅದು ವಲಸೆ ಕಾನೂನಿನಲ್ಲಿ ದೊಡ್ಡ ಅಪರಾಧ. ಗ್ರೀನ್ ಕಾರ್ಡನ್ನೇ ಕಳೆದುಕೊಳ್ಳುವ ಅಪಾಯ ಇದೆ. ಯಾರಾದರೂ ಈಗಾಗಲೇ ಹಾಗೆ ಗುರುತು ಹಾಕಿದ್ದರೆ ಸುಮ್ನೆ ಕೂರಬೇಡಿ, ವಲಸೆ ವಕೀಲರನ್ನು ಕೂಡಲೇ ನೋಡಿ.

ಮುಂದೂಡಿದ ಆ ವಾರ ಬಂದಾಗ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಎಷ್ಟೋ ಕೌಂಟಿಗಳಲ್ಲಿ ನಿಮಗೆ ಒಂದು ಗುಂಪಿನ ನಂಬರ್ ಕೊಡುತ್ತಾರೆ. ಹಿಂದಿನ ಸಂಜೆ ವೆಬ್‌ಸೈಟಿನಲ್ಲೋ ಫೋನಿನಲ್ಲೋ ನೋಡಬೇಕು, ನಾಳೆ ನಿಮ್ಮ ಗುಂಪು ಬರಬೇಕಾ ಅಂತ. ಕೆಲವೊಮ್ಮೆ ಇಡೀ ವಾರ ‘ಬೇಡ’ ಅಂತಲೇ ಬರುತ್ತದೆ. ಕರೆದರೆ ಬೆಳಿಗ್ಗೆ ಹೋಗಿ ದೊಡ್ಡ ಹಾಲಿನಲ್ಲಿ ಕಾಯಬೇಕು. ಲ್ಯಾಪ್‌ಟಾಪ್ ಒಯ್ಯಿರಿ, ಕಾಯುವಾಗ ಕೆಲಸ ಮಾಡಿಕೊಳ್ಳಬಹುದು. ಆ ದಿನ ಯಾವ ಕೋರ್ಟ್‌ರೂಮಿಗೂ ನಿಮ್ಮನ್ನು ಕಳಿಸದಿದ್ದರೆ ನಿಮ್ಮ ಸರದಿ ಮುಗಿಯಿತು. ಒಂದು ದಿನ ಇಲ್ಲವೇ ಒಂದು ಕೇಸು, ಇದು ಕ್ಯಾಲಿಫೋರ್ನಿಯಾದ ನಿಯಮ. ಆಮೇಲೆ ಕನಿಷ್ಠ ಒಂದು ವರ್ಷ ಬಿಡುವು.

ಕೋರ್ಟ್‌ರೂಮಿಗೆ ಕಳಿಸಿದರೆ ಜಡ್ಜ್ ಮೊದಲು ಕೇಸು ಎಷ್ಟು ದಿನ ನಡೆಯಬಹುದು ಅಂತ ಹೇಳುತ್ತಾರೆ, ಯಾರಿಗಾದರೂ ತೀರಾ ತೊಂದರೆ ಇದೆಯಾ ಅಂತ ಕೇಳುತ್ತಾರೆ. ಆಗ ‘ನನ್ನ ಕೆಲಸ ಬಹಳ ಮುಖ್ಯ’ ಅನ್ನಬೇಡಿ. ಆ ಕೋಣೆಯಲ್ಲಿರುವ ಎಲ್ಲರ ಕೆಲಸವೂ ಮುಖ್ಯ, ಜಡ್ಜ್ ಆ ಮಾತನ್ನು ದಿನಾ ಕೇಳುತ್ತಾರೆ. ನಿಜವಾದ ತೊಂದರೆ ಇದ್ದರೆ ನಿರ್ದಿಷ್ಟವಾಗಿ ಹೇಳಿ. ಇಂಥ ತಾರೀಖಿಗೆ ಬೆಂಗಳೂರಿಗೆ ಟಿಕೆಟ್ ಆಗಿದೆ, ತಂಗಿ ಮದುವೆ. ಇಲ್ಲ, ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಇಂಥವನ್ನು ಕೇಳಿಸಿಕೊಳ್ಳುತ್ತಾರೆ. ಆಮೇಲೆ ವಕೀಲರು ಪ್ರಶ್ನೆ ಕೇಳಿ ಕೆಲವರನ್ನು ಕೈಬಿಡುತ್ತಾರೆ. ಕೈಬಿಟ್ಟರೆ ಅದು ಅವಮಾನ ಅಲ್ಲ, ಉಳಿಸಿಕೊಂಡರೆ ಶಿಕ್ಷೆಯೂ ಅಲ್ಲ. ಹೆಚ್ಚಿನ ಕೇಸುಗಳು ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತವೆ.

ನನ್ನನ್ನು ಮೂರು ಸಲ ಕರೆದಿದ್ದಾರೆ. ಎರಡು ಸಲ ವಕೀಲ ಅಂತ ಗೊತ್ತಾದ ಕೂಡಲೇ ಬಿಟ್ಟರು. ಮೂರನೇ ಸಲ ಉಳಿಸಿಕೊಂಡರು. ರಸ್ತೆ ಅಪಘಾತದ ಸಿವಿಲ್ ಕೇಸು, ಆರು ದಿನ. ನನ್ನ ಪಕ್ಕ ಒಬ್ಬ ನಿವೃತ್ತ ಬಸ್ ಚಾಲಕ ಕೂತಿದ್ದರು. ಬ್ರೇಕ್ ಒತ್ತಿದ ಮೇಲೆ ಮಳೆಯಲ್ಲಿ ಗಾಡಿ ಎಷ್ಟು ದೂರ ಜಾರುತ್ತದೆ ಅಂತ ಸಾಕ್ಷಿ ಹೇಳಿದ್ದು ನಮಗೆ ಯಾರಿಗೂ ತಲೆಗೆ ಹತ್ತಿರಲಿಲ್ಲ. ಅವರು ಬಿಡಿಸಿ ಹೇಳಿದಾಗ ಕೋಣೆಯ ಮಾತೇ ಬದಲಾಯಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಮಾತಾಡಿದ ನಾನು ಆ ಮಧ್ಯಾಹ್ನ ಬಾಯಿ ಮುಚ್ಚಿ ಕೇಳಿದೆ. ಆ ಕುರ್ಚಿಯಲ್ಲಿ ಅವರ ಬದಲು ಇನ್ನೊಬ್ಬ ವಕೀಲ ಕೂತಿದ್ದರೆ ಗಾಯಗೊಂಡ ಆ ಹೆಣ್ಣುಮಗಳಿಗೆ ನ್ಯಾಯ ಸಿಗುತ್ತಿತ್ತೋ ಇಲ್ಲವೋ. ಅದಕ್ಕೇ ನಿಮ್ಮಂಥವರು ಹೋಗಲಿ ಅಂತ ನನಗೆ ಆಸೆ.

ಕೊನೆಗೆ ಎರಡು ಸಣ್ಣ ವಿಷಯ. ಹಾಲುಣಿಸುವ ತಾಯಂದಿರು ಈ ರಾಜ್ಯದಲ್ಲಿ ಒಂದು ವರ್ಷದ ತನಕ ಮುಂದೂಡಿಸಬಹುದು, ಗೆಳತಿಯರಿಗೆ ಹೇಳಿ. ಮತ್ತೆ, ಹೋಗುವ ದಿನ ಒಂದು ಸ್ವೆಟರ್ ಇಟ್ಟುಕೊಳ್ಳಿ, ಆ ಹಾಲುಗಳಲ್ಲಿ ಎಸಿ ಜಾಸ್ತಿ. ಊಟದ ಡಬ್ಬಿ ಒಯ್ಯಬಹುದು. ಆದರೆ ಹಣ್ಣು ಹೆಚ್ಚಲು ಅಂತ ಚಾಕು ಮಾತ್ರ ಇಡಬೇಡಿ, ಬಾಗಿಲಲ್ಲೇ ತಪಾಸಣೆ ಇರುತ್ತದೆ.